ಒಂದೂವರೆ ಇಂಚು

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಪತ್ರಿಕೆಯವರು ಹೋದ ಸೀಸನ್ನಿನಲ್ಲಿ ಏನೇನೋ ಬರೆದರು. ಕೋಚ್‌ಗೆ ತಲೆ ಇಲ್ಲ ಎಂದರು, ಆಟಗಾರರಲ್ಲಿ ಒಗ್ಗಟ್ಟಿಲ್ಲ ಎಂದರು. ಎಲ್ಲಾ ಬುರುಡೆ. ನಿಜ ಏನು ಅಂತ ನನಗೆ ಗೊತ್ತು, ಏಕೆಂದರೆ ಮಾಡಿದ್ದೇ ನಾನು.

ನಾನು ಆಟಗಾರನಲ್ಲ. ಇಪ್ಪತ್ತೆರಡು ವರ್ಷದಿಂದ ತಂಡದ ಅಂಗಣ ನೋಡಿಕೊಳ್ಳುವವನು. ನೆಲ ಒರೆಸುವುದು, ಬಲೆ ಕಟ್ಟುವುದು, ದೀಪ ಬದಲಿಸುವುದು, ಸೀಸನ್ ಶುರುವಾಗುವ ಮುಂಚೆ ರಿಂಗಿನ ಎತ್ತರ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು. ಲೀಗಿನವರು ಬಂದರೆ ರಿಂಗಿನತ್ತ ತಲೆ ಎತ್ತುವುದೂ ಇಲ್ಲ, ನನ್ನ ಅಕ್ಷರ ನೋಡಿ ಸಹಿ ಹಾಕಿ ಹೋಗುತ್ತಾರೆ. ಅಷ್ಟು ನಂಬಿಕೆ.

ತಂಡದಲ್ಲಿ ದೂರದಿಂದ ಚೆಂಡು ಹಾಕುವವನು ನನ್ನ ಹೆಂಡತಿಯ ತಮ್ಮ. ಮೂವತ್ತನಾಲ್ಕು ವರ್ಷ, ಉದ್ದನೆಯ ಕಾಲು, ಊಟಕ್ಕೆ ಕೂತರೆ ಮೊಣಕಾಲು ಮೇಜಿಗೆ ತಾಗುತ್ತದೆ. ಕೊಕ್ಕರೆ ಅಂತ ಹೆಸರಿಟ್ಟವನು ನಾನೇ. ಈಗ ಪ್ರೇಕ್ಷಕರೂ ಹಾಗೇ ಕೂಗುತ್ತಾರೆ.

ಹೋದ ವರ್ಷ ನಮ್ಮ ಅಂಗಣದಲ್ಲಿ ಆಡಿದ ಏಳೂ ಪಂದ್ಯ ಗೆದ್ದೆವು. ಹೊರಗೆ ಆಡಿದ ಮೊದಲ ಆರೂ ಸೋತೆವು. ಒಂದು ವಾರ ಹೆಗಲ ಮೇಲೆ ಹೊರುತ್ತಿದ್ದ ಜನ ಮುಂದಿನ ವಾರ ಬಸ್ಸಿಗೆ ಬಾಟಲಿ ಎಸೆಯುತ್ತಿದ್ದರು. ಕೊಕ್ಕರೆಯದಂತೂ ಕೇಳಲೇಬೇಡಿ. ಇಲ್ಲಿ ಕಣ್ಣು ಮುಚ್ಚಿ ಹಾಕಿದರೂ ಬಲೆಯೊಳಗೆ. ಹೊರಗೆ ಹೋದರೆ ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್.

"ಏನಪ್ಪಾ, ಬಸ್ ಹತ್ತೋವಾಗ ಕೈನ ಮನೇಲೇ ಬಿಟ್ಟು ಹೋಗ್ತೀಯಾ?" ಎಂದು ನಾನು ಅವನ ಕಾಲೆಳೆಯುತ್ತಿದ್ದೆ. ಮೊದಮೊದಲು ನಗುತ್ತಿದ್ದ. ಆಮೇಲಾಮೇಲೆ ತಟ್ಟೆ ನೋಡುತ್ತಾ ಕೂರುತ್ತಿದ್ದ.

"ನಿಮ್ಮ ಬಾಯಿಗೆ ಬೀಗ ಹಾಕ್ಬೇಕು" ಎಂದು ಹೆಂಡತಿ ಬೈಯುತ್ತಿದ್ದಳು. "ಅವನು ಎಷ್ಟು ಇಳಿದುಹೋಗಿದಾನೆ ನೋಡಿದ್ರಾ?"

ಕೊನೆಯ ಪಂದ್ಯ ಹೊರಗಿತ್ತು. ಸೋತರೆ ತಂಡ ಕೆಳಗಿನ ದರ್ಜೆಗೆ. ಮ್ಯಾನೇಜರ್ ಕೊಕ್ಕರೆಯನ್ನು ಕರೆದು ಹೇಳಿದ್ದು ಒಂದೇ ಮಾತು: ಅಲ್ಲೂ ಕೈ ಕೊಟ್ಟರೆ ಮುಂದಿನ ವರ್ಷ ಬರಬೇಡ. ಆ ವಯಸ್ಸಿನಲ್ಲಿ ಬೇರೆ ಯಾವ ತಂಡ ಕರೆಯುತ್ತದೆ? ಆಟ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುವುದೂ ಇಲ್ಲ.

ಆ ಪಂದ್ಯಕ್ಕೆ ಹನ್ನೊಂದು ದಿನ ಇದ್ದಾಗ, ಆ ಸೀಸನ್ನಿನಲ್ಲಿ ಮೊದಲ ಸಲ, ಬಲೆಯೊಂದು ಹರಿಯಿತು. ಏಣಿ ಹಾಕಿ ಹತ್ತಿದೆ. ಪ್ರತಿ ಸಲವೂ ಅದೇ ಏಣಿ, ಅದೇ ಮೆಟ್ಟಿಲು. ಅಲ್ಲಿ ನಿಂತರೆ ರಿಂಗು ಸರಿಯಾಗಿ ನನ್ನ ಹುಬ್ಬಿಗೆ ಬರುತ್ತದೆ. ಅವತ್ತು ಕಣ್ಣಿನ ಕೆಳಗಿತ್ತು. ಅರೆ, ಐವತ್ತೈದರಲ್ಲಿ ಉದ್ದ ಬೆಳೆಯುತ್ತಿದ್ದೇನಾ ಅಂತ ನಗು ಬಂತು. ಮರುಕ್ಷಣ ಕೆಳಗೆ ನೆಲ ನೋಡಿದೆ.

ರಜೆಯಲ್ಲಿ ಹಳೆಯ ನೆಲದ ಮೇಲೆಯೇ ಹೊಸ ಮರ ಹಾಸಿದ್ದರು. ನಮ್ಮ ರಿಂಗುಗಳು ಗೋಡೆಗೆ ಬಿಗಿದವು, ಅವನ್ನು ಯಾರೂ ಮುಟ್ಟಿರಲಿಲ್ಲ. ಅದಕ್ಕೇ ಆ ವರ್ಷ ಅಳತೆಯ ಟೇಪು ಮೊಳೆಯಲ್ಲೇ ನೇತಾಡುತ್ತಿರಲಿ ಅಂತ ಬಿಟ್ಟು, ರಿಜಿಸ್ಟರಿನಲ್ಲಿ ನಿಯಮದಂತೆ ಹತ್ತು ಅಡಿ ಎಂದು ಬರೆದೆ. ಗೋಡೆಗೆ ಬೋಲ್ಟು ಹೊಡೆದದ್ದು ಎಲ್ಲಿಗೆ ಓಡಿಹೋಗುತ್ತದೆ ಅಂದುಕೊಂಡೆ. ಅದು ಎಲ್ಲಿಗೂ ಓಡಿಹೋಗಿರಲಿಲ್ಲ. ನೆಲ ಮೇಲೆ ಬಂದಿತ್ತು.

ಟೇಪು ತಂದು ಹಿಡಿದೆ. ಎರಡೂ ಕಡೆ ಒಂದೂವರೆ ಇಂಚು ಕಮ್ಮಿ. ನಮ್ಮ ಹುಡುಗರು ಎಂಟು ತಿಂಗಳು ದಿನವೂ ತಗ್ಗು ರಿಂಗಿಗೆ ಕೈ ಪಳಗಿಸಿಕೊಂಡಿದ್ದರು. ಹೊರಗೆ ಸರಿಯಾದ ಎತ್ತರದ ರಿಂಗು ಸಿಕ್ಕರೆ ಚೆಂಡು ಮುಟ್ಟುವುದಾದರೂ ಹೇಗೆ?

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೊಕ್ಕರೆ ಮುಳುಗುತ್ತಿದ್ದ. ಕೋಚ್ ಅವರನ್ನು ಕರೆದು ತೋರಿಸಿದೆ. ಅವರು ಮೂರು ಸಲ ಅಳೆದರು.

"ಸೀಸನ್ ಶುರುವಲ್ಲಿ ಸರಿ ಇತ್ತಲ್ವಾ? ರಿಜಿಸ್ಟರಲ್ಲಿ ನೀವೇ ಬರ್ದಿದೀರಿ."

"ಹೊಸ ಮರ ಸಾರ್, ಉಬ್ಬಿರ್ಬೇಕು" ಎಂದೆ. ಆ ಮಾತು ಎಲ್ಲಿಂದ ಬಂತೋ ಏನೋ. ಅವರು ನಂಬಿದರು.

ಅವತ್ತೇ ಎರಡೂ ರಿಂಗು ಎತ್ತರಿಸಿದೆವು. ಮೊದಲ ದಿನ ಕೊಕ್ಕರೆ ಹಾಕಿದ್ದೆಲ್ಲ ಮುಂಭಾಗಕ್ಕೇ ಬಡಿಯಿತು. ದಿನಕ್ಕೆ ಮುನ್ನೂರು ಸಲ ಹಾಕಿದ. ಚೆಂಡು ಆರಿಸಿ ಕೊಟ್ಟವನು ನಾನೇ. ಐದನೇ ದಿನಕ್ಕೆ ಕೈ ಕುದುರಿತು. ಕೊನೆಯ ಪಂದ್ಯದಲ್ಲಿ ದೂರದಿಂದ ಆರು ಹಾಕಿದ, ನಾಲ್ಕು ಅಂಕದಿಂದ ಗೆದ್ದೆವು. ಕೋಚ್ ಎಲ್ಲರೆದುರು ನನ್ನ ಕೈ ಹಿಡಿದೆತ್ತಿ, "ನಮ್ಮನ್ನ ಉಳಿಸಿದ್ದು ಇವ್ರು!" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು.

ಮಾರನೇ ದಿನ ಕೊಕ್ಕರೆ ಮನೆಗೆ ಬಂದ. ಎಂದಿನಂತೆ ಬಾಗಿಲಲ್ಲಿ ತಲೆ ಬಗ್ಗಿಸಿ, ಕೈಯಲ್ಲಿ ಕೇಕ್ ಹಿಡಿದು. ತಂಡದವರು ಇನ್ನೆರಡು ವರ್ಷಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ.

"ಭಾವ, ನೀವು ನೋಡ್ದೇ ಇದ್ದಿದ್ರೆ ನನ್ ಕಥೆ ಮುಗೀತಿತ್ತು" ಎಂದ.

ಹೆಂಡತಿ ನನ್ನನ್ನು ಎಷ್ಟು ಹೆಮ್ಮೆಯಿಂದ ನೋಡಿದಳೆಂದರೆ, ನಾನು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಮರ ಉಬ್ಬಿರ್ಲಿಲ್ಲ ಕಣೋ" ಎಂದೆ. "ನಾನು ಅಳತೇನೇ ಮಾಡಿರ್ಲಿಲ್ಲ. ಸುಮ್ನೆ ಬರ್ದೆ. ತಪ್ಪಾಯ್ತು."

ಅವನು ಚಮಚ ಕೆಳಗಿಟ್ಟ.

"ಕಣ್ಣು ತೋರಿಸ್ಕೊಂಡೆ ಭಾವ, ಎರಡು ಸಲ. ಕೈ ನಡುಗತ್ತೆ ಅಂತ ಡಾಕ್ಟರ್ ಹತ್ರ ಹೋದೆ. ಅಕ್ಕಂಗೂ ಹೇಳಿಲ್ಲ. ನೀವು ನಗ್ತಿದ್ರಿ." ಆಮೇಲೆ ಕೇಳಿದ: "ಅಳೆಯೋಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ" ಎಂದೆ.

ಶೂ ಹಾಕಿಕೊಂಡು ಹೊರಟುಹೋದ. ಸೋಮವಾರ ಬೆಳಿಗ್ಗೆಯೇ ಮ್ಯಾನೇಜರ್‌ಗೆ ನಾನಾಗಿ ಹೋಗಿ ಹೇಳಿದೆ. ಕಿವಿ ತೂತಾಗುವಷ್ಟು ಬೈದು, ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿಸಿಕೊಂಡು, ಕೆಲಸದಲ್ಲಿ ಉಳಿಸಿಕೊಂಡರು.

ಈಗ ಹೊಸ ಸೀಸನ್. ಪ್ರತಿ ಪಂದ್ಯಕ್ಕೂ ಮುಂಚೆ ಅಳೆಯುತ್ತೇನೆ. ಕೊಕ್ಕರೆ ಎಲ್ಲರಿಗಿಂತ ಮೊದಲೇ ಬಂದು ಟೇಪಿನ ಕೆಳತುದಿಯನ್ನು ಶೂವಿನಿಂದ ಒತ್ತಿ ಹಿಡಿಯುತ್ತಾನೆ. ನಾನು ಏಣಿಯ ಮೇಲಿಂದ "ಹತ್ತು" ಎನ್ನುತ್ತೇನೆ. ಇಳಿದು ಬನ್ನಿ ಎಂದು ಸನ್ನೆ ಮಾಡಿ, ಅವನು ತಾನೇ ಹತ್ತಿ ನೋಡುತ್ತಾನೆ.