ಒಂದು ಒತ್ತಿದವರು ಯಾರು?

ವೆಬ್‌ಸೈಟು ನಿಂತುಹೋದರೆ ಅದರ ಒಡೆಯರನ್ನು ಎಚ್ಚರಿಸುವುದು ಅವಳ ಕಸುಬು. ಆಫೀಸೆಂದರೆ ಎರಡು ಮೇಜು, ಒಂದು ಕಿಟಕಿ. ಇವತ್ತು ಅದರ ಹಣೆಬರಹ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು: ಚಪ್ಪಲಿ ಅಂಗಡಿಗಳ ಸಾಹುಕಾರರು. ಹೋದ ತಿಂಗಳು ಅವರ ಸೈಟು ಅರ್ಧ ದಿನ ಮಕಾಡೆ ಮಲಗಿತ್ತು. ಇವಳು ಕಳಿಸಿದ್ದ ಸಂದೇಶವನ್ನು ಅವರ ಭಾವಮೈದುನ ನೋಡಿ, ‘ಸರಿ’ ಅಂತ ಒತ್ತಿ, ಊಟಕ್ಕೆ ಎದ್ದುಹೋಗಿದ್ದ. ಬೈಗುಳ ಮಾತ್ರ ಇವಳಿಗೆ! ಆದರೆ ದೊಡ್ಡ ಗಿರಾಕಿ ಅಂತ ಇದ್ದದ್ದು ಇವರೊಬ್ಬರೇ. ಕೈಬಿಟ್ಟರೆ ಆಫೀಸಿಗೆ ಬೀಗ ಜಡಿಯಬೇಕಿತ್ತು.

ಅದಕ್ಕೇ ಹೊಸ ಸೌಲಭ್ಯ. ಇನ್ನು ಮೇಲೆ ಬರೀ ಸಂದೇಶವಲ್ಲ, ಫೋನೇ ಬರುತ್ತದೆ. ನೋಡಿಕೊಳ್ಳುತ್ತೇನೆ ಎನ್ನುವವರು ಫೋನಿನಲ್ಲಿ ‘ಒಂದು’ ಅಂಕಿ ಒತ್ತಬೇಕು. ಒತ್ತದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಫೋನು.

“ಸೈಟ್ ನಿಲ್ಲಿಸಿ ನೋಡಿ ಸಾರ್, ಫೋನ್ ಬರ್ದಿದ್ರೆ ಕೇಳಿ,” ಎಂದಳು ಧೈರ್ಯವಾಗಿ.

ಸಾಹುಕಾರರು ಅಂಗಡಿಯಲ್ಲಿದ್ದ ಭಾವಮೈದುನನಿಗೆ ಹೇಳಿ ಸೈಟು ನಿಲ್ಲಿಸಿದರು. ಇಬ್ಬರೂ ಮೇಜಿನ ಮೇಲಿದ್ದ ಫೋನುಗಳನ್ನು ನೋಡುತ್ತ ಕೂತರು. ಊಹೂಂ. ಎರಡೂ ಗಪ್‌ಚಿಪ್. ಅವಳು ಕಂಪ್ಯೂಟರಿನ ಪರದೆ ನೋಡಿದರೆ, ‘ಒಬ್ಬರು ಹೊಣೆ ಹೊತ್ತಿದ್ದಾರೆ’ ಅಂತಿದೆ!

“ಯಾರಮ್ಮ ಆ ಪುಣ್ಯಾತ್ಮ?” ಎಂದರು ಸಾಹುಕಾರರು. ಅಂಗಡಿಗೆ ಫೋನು ಮಾಡಿ, “ಸೈಟ್ ಮತ್ತೆ ಶುರು ಮಾಡೋ,” ಎಂದು ಏಳಲು ಹೊರಟರು.

ಆಗ ಅವಳ ಫೋನು ಹೊಡೆದುಕೊಂಡಿತು. ಅಮ್ಮ.

“ಏನೇ, ಯಾವ್ದೋ ಸೈಟ್ ನಿಂತಿದ್ಯಂತೆ? ನೋಡ್ಕೊಳ್ತೀರಾ, ಒಂದು ಒತ್ತಿ ಅಂತ ಫೋನ್ ಬಂತು. ಪಾಪ ಅಂತ ಒತ್ತಿದೆ.”

ಅಯ್ಯೋ ದೇವರೇ! ಯಾವಾಗ ಮಾಡಿದರೂ ಫೋನೆತ್ತುವವಳು ಅಮ್ಮನೊಬ್ಬಳೇ ಎಂದು ಹೊಸ ಸೌಲಭ್ಯದ ಪರೀಕ್ಷೆಗೆಲ್ಲ ಅವಳ ನಂಬರೇ ಹಾಕುತ್ತಿದ್ದಳು. ಸಾಹುಕಾರರ ಸೈಟಿಗೂ ಅದೇ ಮೊದಲ ನಂಬರಾಗಿ ಉಳಿದುಬಿಟ್ಟಿತ್ತು.

“ಅಮ್ಮಾ, ಇಡು ಫೋನು!”

“ಇಡು ಅಂದ್ರೆ? ಒತ್ತಿದ್ದು ನಾನು. ಸೈಟ್ ಸರಿ ಹೋಯ್ತಾ?”

ಹೋಗಿರಲಿಲ್ಲ. ಶುರು ಮಾಡುತ್ತೇನೆಂದ ಭಾವಮೈದುನ ಕಾಫಿಗೆ ಹೋಗಿದ್ದಿರಬೇಕು. ಅಮ್ಮನ ಮಾತು ಸಾಹುಕಾರರಿಗೂ ಕೇಳಿಸಿತ್ತು. ಅವರು ಕೈ ಚಾಚಿ ಫೋನು ತೆಗೆದುಕೊಂಡರು.

“ಅಮ್ಮಾ, ಸೈಟ್ ಶುರು ಮಾಡ್ಬೇಕಾದೋನ ನಂಬರ್ ಹೇಳ್ತೀನಿ. ಅವನನ್ನ ನೀವೇ ಸ್ವಲ್ಪ ವಿಚಾರಿಸ್ಕೊಳ್ಳಿ.”

ಅವರು ಮತ್ತೆ ಕಾಲ ಮೇಲೆ ಕಾಲು ಹಾಕುವಷ್ಟರಲ್ಲಿ ಪರದೆಯ ಕೆಂಪು ಹಸಿರಾಯಿತು; ಸೈಟು ಮತ್ತೆ ಶುರುವಾಗಿತ್ತು. ಸಾಹುಕಾರರು ಬೆಪ್ಪಾಗಿ ನೋಡಿದರು. ತಾವು ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಅವನು ಇಷ್ಟು ಬೇಗ ಎದ್ದವನಲ್ಲ. ಅಮ್ಮನ ಫೋನು ಮತ್ತೆ ಬಂದಾಗ, “ಏನಂದ್ರಿ ಅವನಿಗೆ?” ಎಂದು ಕೇಳಿದರು.

“ಬೈಲಿಲ್ಲಪ್ಪ. ಆಯ್ತಾ ಅಂದೆ. ಮಾಡ್ತೀನಿ ಅಂದ. ಮಾಡು, ಅಲ್ಲೀವರೆಗೂ ಫೋನ್ ಇಡಲ್ಲ ಅಂದೆ.”

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕು ಅವಳತ್ತ ತಿರುಗಿದರು. “ನೋಡಮ್ಮ, ಒತ್ತೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಆಯ್ತಾ ಅಂತ ಕೇಳೋರಿಲ್ಲ. ಇದನ್ನೂ ಸೇರ್ಸು, ನಾನೆಲ್ಲಿಗೂ ಹೋಗಲ್ಲ.”

ಅವಳಿಗೆ ಹೋದ ಜೀವ ಬಂದಂತಾಯಿತು. ಅಮ್ಮನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. “ಅಮ್ಮಾ, ಸಂಜೆ ಬಂದು ನೀನು ‘ಆಯ್ತಾ’ ಅನ್ನೋದನ್ನ ರೆಕಾರ್ಡ್ ಮಾಡ್ಕೊಳ್ತೀನಿ,” ಎಂದಳು.

“ರೆಕಾರ್ಡ್ ಯಾಕೆ?” ಎಂದಳು ಅಮ್ಮ. “ಆ ಹುಡುಗ ಇನ್ನೊಂದು ಫೋನಲ್ಲಿ ಇನ್ನೂ ಲೈನಲ್ಲೇ ಇದಾನೆ. ಇನ್ನೇನು ಕೆಲ್ಸ ಬಾಕಿ ಇಟ್ಕೊಂಡಿದಾನೋ ಒಂದೊಂದಾಗಿ ಕೇಳ್ತಿದೀನಿ.”