ಕ್ವಾರ್ಟರ್ಸ್ ಹಿತ್ತಲಿನ ನಕ್ಷತ್ರ ಆಮೆಗಳು

ಶಿರಾ ಬಸ್ ನಿಲ್ದಾಣದಲ್ಲಿ ಫಾರೆಸ್ಟ್ ಗಾರ್ಡ್ ಪರ್ವತಯ್ಯ ಒಬ್ಬ ಹೆಂಗಸಿನ ಮಂಕರಿಯ ಮೇಲಿದ್ದ ಹಳೇ ಸೀರೆಯನ್ನು ಸರಿಸಿದಾಗ ಒಳಗೆ ನಲವತ್ತೊಂದು ನಕ್ಷತ್ರ ಆಮೆಗಳಿದ್ದವು. ಅದು ಎಂಬತ್ತೊಂದನೇ ಇಸವಿಯ ಫೆಬ್ರವರಿ. ಹೆಂಗಸಿನ ಹೆಸರು ಜುಂಜಮ್ಮ, ಹುಲಿಕುಂಟೆ ಕಡೆಯ ಕುರಿ ಕಾಯುವವಳು, ಅರವತ್ತರ ಹತ್ತಿರದ ವಯಸ್ಸು. ಕೊಳ್ಳಲು ಬಂದಿದ್ದ ಆಸಾಮಿ ಖಾಕಿ ಕಂಡೊಡನೆ ಹೊರಟಿದ್ದ ಬಸ್ಸೊಂದನ್ನು ಹತ್ತಿ ಮಾಯವಾಗಿದ್ದ.

"ದೊಡ್ಡೋರ ತೋಟದಾಗೆ ಸಾಕ್ತಾರೆ ಅಂದ ಕಣ್ ಸಾಮಿ. ಅದ್ಕೇ ಹಿಡ್ಕೊಟ್ಟೆ," ಎಂದಳು ಅವಳು. ಸುಳ್ಳು ಹೇಳುವ ಮುಖವಾಗಿರಲಿಲ್ಲ.

ಕೇಸಾಯಿತು. ಸೋಮವಾರ ಸೋಮವಾರ ಅರಣ್ಯ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗಬೇಕೆಂದು ಹೇಳಿ ಕೋರ್ಟು ಅವಳಿಗೆ ಜಾಮೀನು ಕೊಟ್ಟಿತು. ಆಮೆಗಳನ್ನು ಮಾತ್ರ ಆದೇಶ ಬರುವ ತನಕ ಜೀವಂತ ಇಡಬೇಕಿತ್ತು. ಆಫೀಸಿನಲ್ಲಿ ಜಾಗವಿಲ್ಲದೆ ಅವು ಪರ್ವತಯ್ಯನ ಕ್ವಾರ್ಟರ್ಸ್ ಹಿತ್ತಲಿಗೆ ಬಂದವು.

ಅದೇ ವಾರ ಮೇಲಧಿಕಾರಿ ಶಂಕರಲಿಂಗಪ್ಪನವರು ಅವನನ್ನು ಕರೆಸಿದರು. ತಿಂಗಳ ಕೊನೆಗೆ ದೆಹಲಿಯಲ್ಲಿ ದೇಶದೇಶಗಳ ಪ್ರತಿನಿಧಿಗಳು ಸಭೆ ಸೇರುವವರಿದ್ದರು. ಯಾವ ಕಾಡುಪ್ರಾಣಿಯನ್ನು ಗಡಿ ದಾಟಿಸಿ ಮಾರಬಹುದು, ಯಾವುದನ್ನು ಕೂಡದು ಎಂಬುದರ ಚರ್ಚೆ. ಸಾಹೇಬರೂ ಹೋಗುವವರಿದ್ದರು.

"ಪರ್ವತಯ್ಯ, ನಮ್ಮ ಸೀಮೆಯ ಈ ಆಮೆಗಳನ್ನ ಸೂಟ್‌ಕೇಸಿನಲ್ಲಿ ತುಂಬಿ ವಿದೇಶಕ್ಕೆ ಸಾಗಿಸ್ತಾರೆ. ಮುಕ್ಕಾಲು ಪಾಲು ದಾರೀಲೇ ಸಾಯ್ತವೆ. ಇವು ಏನು ತಿಂತವೆ, ಎಲ್ಲಿ ಮೊಟ್ಟೆ ಇಡ್ತವೆ, ಎಲ್ಲಾ ಬರೆದು ಕೊಡು, ಸಭೆಗೆ ಒಯ್ತೀನಿ."

ಪರ್ವತಯ್ಯನಿಗೆ ಗೊತ್ತಿದ್ದುದು ಶೂನ್ಯ. ಹೆಂಡತಿ ದಾಕ್ಷಾಯಣಮ್ಮ ಅನ್ನ ಹಾಕಿದಳು, ಅವು ಮೂಸಲಿಲ್ಲ. ಆಮೆಯಲ್ಲವೇ, ನೀರು ಬೇಕೇನೋ ಎಂದು ಅವನು ತೊಟ್ಟಿ ತುಂಬಿಸಿ ಕೆಲವನ್ನು ಬಿಟ್ಟ. ಬೆಳಿಗ್ಗೆ ನೋಡಿದರೆ ಎರಡು ಸತ್ತಿದ್ದವು.

ಸೋಮವಾರ ಹೆಬ್ಬೆಟ್ಟು ಒತ್ತಲು ಬಂದ ಜುಂಜಮ್ಮ, ತಾನಾಗಿಯೇ ಹಿತ್ತಲಿಗೆ ಬಂದು ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ ಸಾಮಿ, ಇವು ನೆಲದ ಆಮೆ! ಮುಳುಗ್ಸಿ ಸಾಯಿಸ್ಬುಟ್ರಲ್ಲ!"

ಪರ್ವತಯ್ಯ ತಲೆ ತಗ್ಗಿಸಿದ. ಆಮೇಲೆ ಸೂಟ್‌ಕೇಸಿನ ಕತೆಯನ್ನು ಅವಳಿಗೆ ಹೇಳಿದ.

"ಅಂಗಾರೆ ನಾನೂ ಸಾಯಿಸ್ದೋಳೇಯ," ಎಂದಳು ಜುಂಜಮ್ಮ.

ಅಂದಿನಿಂದ ಅವಳು ಸೋಮವಾರಕ್ಕೆ ಕಾಯಲಿಲ್ಲ. ದಿನ ಬಿಟ್ಟು ದಿನ ಪಾಪಸುಕಳ್ಳಿ ಹಣ್ಣು, ಹಸಿ ಗರಿಕೆ, ಯಾವ ಯಾವುದೋ ಸೊಪ್ಪು ಹೊತ್ತು ಬಸ್ಸಿಳಿಯುತ್ತಿದ್ದಳು. ಆಮೆಗಳ ಬಾಯಿ ಹಣ್ಣಿನ ರಸಕ್ಕೆ ಕೆಂಪಾಯಿತು. ಹೊಟ್ಟೆ ಗುಳಿ ಬಿದ್ದಿದ್ದರೆ ಗಂಡು, ಸಮನಾಗಿದ್ದರೆ ಹೆಣ್ಣು ಎಂದು ಒಂದೊಂದನ್ನೂ ಮಗುಚಿ ತೋರಿಸಿದಳು. ಪರ್ವತಯ್ಯ ಜಗುಲಿಯ ಮೇಲೆ ಕೂತು ಶಾಲೆಯ ಹುಡುಗನಂತೆ ಬರೆದುಕೊಂಡ.

ಒಂದು ಮಧ್ಯಾಹ್ನ ದೊಡ್ಡ ಆಮೆಯೊಂದು ಹಿಂಗಾಲಿನಿಂದ ಮಣ್ಣು ಕೆದಕುತ್ತಾ ನಿಂತಲ್ಲೇ ನಿಂತಿತ್ತು.

"ಕಾಲು ಸಿಕ್ಕಾಕೊಂಡಿದೆ ಕಣ್ರೀ!" ಎಂದು ದಾಕ್ಷಾಯಣಮ್ಮ ಎತ್ತಲು ಹೋದಳು.

ಜುಂಜಮ್ಮ ಅವಳ ಕೈ ಹಿಡಿದಳು. "ಮುಟ್ಬ್ಯಾಡಿ ಅಮ್ಮಾರೆ. ಹೆರಿಗೆ ಅದು."

ಮೂವರೂ ನೆಲದ ಮೇಲೆ ಕೂತರು. ಆಮೆ ತನ್ನ ಮೂತ್ರದಿಂದಲೇ ಗಟ್ಟಿ ನೆಲವನ್ನು ನೆನೆಸಿ, ಒಮ್ಮೆ ಎಡಗಾಲು ಒಮ್ಮೆ ಬಲಗಾಲಿನಿಂದ ಮಣ್ಣು ಎತ್ತಿ ಹಾಕುತ್ತಿತ್ತು. ಒಲೆಯ ಮೇಲಿನ ಸಾರು ಸೀದರೂ ಯಾರೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕು ಬಿಳಿ ಮೊಟ್ಟೆ ಬಿದ್ದವು. ಆಮೆ ಗುಂಡಿ ಮುಚ್ಚಿ, ಹೊಟ್ಟೆಯಿಂದ ಮಣ್ಣು ಒತ್ತಿ, ಏನೂ ಆಗಿಲ್ಲವೆಂಬಂತೆ ಗರಿಕೆಯತ್ತ ನಡೆಯಿತು. ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂಬತ್ತು ಪುಟಗಳ ವರದಿಯ ಕೊನೆಗೆ ಅವನು ಬರೆದ: "ಈ ವಿಷಯಗಳನ್ನು ತಿಳಿಸಿದವರು ಹುಲಿಕುಂಟೆಯ ಜುಂಜಮ್ಮನವರು." ಆರೋಪಿಯ ಹೆಸರೆಂದು ಆಫೀಸಿನ ಗುಮಾಸ್ತ ಅಳಿಸಲು ಹೇಳಿದ. ಪರ್ವತಯ್ಯ ಒಪ್ಪಲಿಲ್ಲ.

ಮಾರ್ಚಿನಲ್ಲಿ ಸಾಹೇಬರು ದೆಹಲಿಯಿಂದ ಮರಳಿದರು. ಸಭೆಯಲ್ಲಿ ಆನೆದಂತ, ಮೊಸಳೆಚರ್ಮಗಳದ್ದೇ ದೊಡ್ಡ ಮಾತಂತೆ. ಆಮೆಯ ವರದಿಯನ್ನು ಊಟದ ವೇಳೆಯಲ್ಲಿ ಒಬ್ಬಿಬ್ಬರು ಓದಿಸಿಕೊಂಡು ಕೇಳಿದರಂತೆ.

"ಜುಂಜಮ್ಮ ಯಾವ ಕಾಲೇಜಿನ ಪ್ರೊಫೆಸರ್ ಅಂತ ಒಬ್ಬ ವಿದೇಶಿ ಹೆಂಗಸು ವಿಚಾರಿಸಿದ್ರು ಕಣಯ್ಯ," ಎಂದು ನಕ್ಕರು. ಕೋರ್ಟಿಗೆ ಒಂದು ಕಾಗದವನ್ನೂ ಬರೆದರು. ಕೋರ್ಟು ಜುಂಜಮ್ಮನಿಗೆ ಎಚ್ಚರಿಕೆ ಹೇಳಿ ಬಿಟ್ಟಿತು. ಆಮೆಗಳನ್ನು ಅವಳು ಹಿಡಿದ ಜಾಗದಲ್ಲೇ ಬಿಡಲು ಆದೇಶವಾಯಿತು.

ಇಲಾಖೆಯ ಜೀಪು ಹುಲಿಕುಂಟೆಯ ಗುಡ್ಡದ ಬುಡದಲ್ಲಿ ನಿಂತಿತು. ಮೂವತ್ತೊಂಬತ್ತು ಆಮೆಗಳು. ಮೊಟ್ಟೆಗಳನ್ನು ಮಣ್ಣಿನ ಸಮೇತ, ಅಲುಗದಂತೆ, ಜುಂಜಮ್ಮ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ಬಂಡೆಯ ಮಗ್ಗುಲಲ್ಲಿ ಗುಂಡಿ ತೋಡಿ ಹೂತಳು. ಆಮೆಗಳು ಕತ್ತು ಚಾಚಿ ಗಾಳಿ ಮೂಸಿ, ಒಂದೊಂದಾಗಿ ತಂಗಡಿ ಗಿಡಗಳ ನೆರಳಿಗೆ ಸರಿದುಹೋದವು.

"ಇನ್ಯಾರಾದ್ರೂ ಕೊಳ್ಳಾಕ್ ಬಂದ್ರೆ ಏನಂತೀಯ?" ಎಂದು ಪರ್ವತಯ್ಯ ಕೇಳಿದ.

"ಕೂರಿಸ್ಕಂಡು ಮಜ್ಜಿಗೆ ಕೊಡ್ತೀನಿ ಸಾಮಿ. ಅಷ್ಟ್ರಾಗೆ ನಿಮ್ಗೆ ಸುದ್ದಿ ಬತ್ತದೆ," ಎಂದಳು ಜುಂಜಮ್ಮ.

ಪರ್ವತಯ್ಯ ಜೋರಾಗಿ ನಕ್ಕ. ಹಿತ್ತಲು ಬರಿದಾಯಿತೆಂದು ಮನೆಯಲ್ಲಿ ದಾಕ್ಷಾಯಣಮ್ಮ ಬೇಸರ ಮಾಡಿಕೊಂಡಿರುತ್ತಾಳೆ, ಒಂದೆರಡು ದಿನ ಬಂದು ಇದ್ದು ಹೋಗು ಎಂದು ಅವಳನ್ನು ಕರೆದ. ಜುಂಜಮ್ಮ ಸೀರೆಯ ಮಣ್ಣು ಕೊಡವಿ ಜೀಪು ಹತ್ತಿದಳು.