ಹಳದಿ ಟೇಪು

ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಒಂದು ಹಳದಿ ಅಳತೆ ಟೇಪು ಇದೆ. ಎಳೆದೂ ಎಳೆದೂ ಅರ್ಧ ಇಂಚು ಉದ್ದವಾಗಿರುವುದರಿಂದ ಈಗ ಅಳತೆಗೆ ಬಾರದು. ಹನ್ನೊಂದನೇ ಇಂಚಿನ ಹತ್ತಿರ ಹಲ್ಲಿನ ಗುರುತು ಬೇರೆ. ಡ್ರಾಯರ್ ತೆರೆದಾಗಲೆಲ್ಲ ಅಕ್ಕ, "ಇನ್ನೂ ಇಟ್ಕೊಂಡಿದೀಯಾ ಅದನ್ನ?" ಎನ್ನುತ್ತಾಳೆ. ಬಿಸಾಡು ಎಂದು ಮಾತ್ರ ಒಂದು ದಿನವೂ ಹೇಳಿಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ಬಾಬಿನ್ ಪಾಠ ಮುಗಿಸಿದ ವಾರವೇ ನನ್ನ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಬಾಬಿನ್ ನನ್ನ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ ಕಾಲರಿನ ಹಾಗೆ. ಮಿಷನ್ನಿನೊಳಗೆ ದಾರ ಸುತ್ತಿದ ಬಾಬಿನ್ನಿನ ಹಾಗೆ, ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುತ್ತಿದ್ದುದಕ್ಕೆ ಆ ಹೆಸರು. ನಾಯಿಗಳನ್ನು ಪಳಗಿಸುವ ಮೇಷ್ಟ್ರೊಬ್ಬರ ಬಳಿ ಎರಡು ತಿಂಗಳು ಬಿಟ್ಟಿದ್ದೆ. ಕೊನೆಯ ಹತ್ತು ದಿನ ಅವರೇ ಮನೆಯ ಮುಂದಿನ ಕೋಣೆಯಲ್ಲಿದ್ದ ನನ್ನ ಹೊಲಿಗೆ ಅಂಗಡಿಗೆ ಬಂದು, ಕೂರು, ನಿಲ್ಲು, ಜೊತೆಗೆ ನಡಿ ಎಂಬುದನ್ನೆಲ್ಲ ನನ್ನ ಬಾಯಿಂದಲೇ ಹೇಳಿಸಿ ಕಲಿಸಿದರು.

"ನೀವು ದಿನಾ ಒಂದೇ ಥರ ಇರಿ," ಎಂದಿದ್ದರು ಮೇಷ್ಟ್ರು. "ಇವತ್ತೊಂದು ಥರ, ನಾಳೆ ಇನ್ನೊಂದು ಥರ ಅಂದ್ರೆ ಅದಕ್ಕೆ ತಲೆ ಕೆಡುತ್ತೆ."

ನಾನು ಒಂದೇ ಥರ ಇದ್ದೆ. ಅದೇ ಎಡವಟ್ಟಾಯಿತು.

ಆಪರೇಷನ್ ಆಯಿತು. ಒಂದು ಮೊಲೆ ಹೋಯಿತು. ಹೊಲಿಗೆ ನೋಡಿಕೊಂಡಾಗ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗಿ ಯಾರಾದರೂ ಹಾಗೆ ಹೊಲಿದಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದೆ. ಆಮೇಲೆ ಆರು ಸಲ ಕೀಮೋ ಎಂದರು. ಅಕ್ಕ ಗಂಟುಮೂಟೆ ಕಟ್ಟಿಕೊಂಡು ನನ್ನ ಮನೆಗೆ ಬಂದಳು.

ಅಕ್ಕ ಪೋಸ್ಟ್ ಆಫೀಸಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತು ರಿಟೈರ್ ಆದವಳು. ಲೋಕದಲ್ಲಿರುವವರೆಲ್ಲ ಕ್ಯೂನಲ್ಲಿ ನಿಂತಿದ್ದಾರೆ ಎಂದೇ ಅವಳ ಲೆಕ್ಕ. ನಾಯಿಗೂ ಬಹುವಚನ. ಬಾಬಿನ್‌ನ ಬೆಲ್ಟು ಹಿಡಿದು, "ನಡೀರಿ, ನಡೀರಿ, ಮುಂದೆ ನಡೀರಿ," ಎನ್ನುವಳು. ಅದು ಅವಳ ಮುಖ ನೋಡಿ, ನೆಲದ ಮೇಲೆ ಕಾಲು ಚಾಚಿ ಮಲಗಿಬಿಡುತ್ತಿತ್ತು.

"ನಿನ್ ಕೈಲಿ ಆಗ್ದೇ ಇರೋ ದಿನ ಇದನ್ನ ಯಾರು ನೋಡ್ಕೋಬೇಕು?" ಎಂದಳು ಮೂರನೇ ದಿನಕ್ಕೆ. "ಕೀಮೋ ಮುಗಿಯೋದ್ರೊಳಗೆ ನನ್ ಮಾತು ಕೇಳಿದ್ರೆ ಸರಿ. ಇಲ್ಲಾಂದ್ರೆ ಮೇಷ್ಟ್ರ ಹತ್ರ ವಾಪಸ್."

"ನಾನೂ ವಾಪಸ್ ಹೋಗ್ತೀನಿ ಹಾಗಾದ್ರೆ."

"ಎಲ್ಲಿಗೆ?"



ಮೊದಲ ಕೀಮೋ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ನಡೆದದ್ದು ಹೇಳುತ್ತೇನೆ. ಬಾಗಿಲಲ್ಲೇ ನಿಂತು, "ಬಾಬಿನ್, ಕೂರು," ಎಂದೆ. ಕೂರಲಿಲ್ಲ. "ಬಾ" ಎಂದೆ. ಬರಲಿಲ್ಲ. ಯಾರೋ ಗೊತ್ತಿಲ್ಲದವಳು ಎಂಬಂತೆ ನೋಡಿತು. ನನ್ನ ಮೈಯಲ್ಲಿ ಔಷಧಿಯ ವಾಸನೆ ಹೊಡೆಯುತ್ತಿದೆ, ಇದಕ್ಕೂ ನಾನು ಬೇಡವಾದೆ ಎನ್ನಿಸಿತು. ಮಿಷನ್ನಿನ ಮುಂದೆ ಹೋಗಿ ಕೂತೆ. ಬೆಳಿಗ್ಗೆ ಆಸ್ಪತ್ರೆಗೆ ಹೊರಟಾಗ ತೆಗೆದಿಟ್ಟಿದ್ದ ಟೇಪು ಅಲ್ಲೇ ಬಿದ್ದಿತ್ತು. ಅಭ್ಯಾಸಬಲದಿಂದ ಕುತ್ತಿಗೆಗೆ ಹಾಕಿಕೊಂಡೆ. ಬಾಬಿನ್ ಓಡಿ ಬಂದು, ನನ್ನ ಎಡಗಾಲಿನ ಪಕ್ಕ ನೆಟ್ಟಗೆ ಕೂತಿತು.

ತೆಗೆದೆ. ಎದ್ದು ಹೋಯಿತು. ಹಾಕಿದೆ. ಬಂದು ಕೂತಿತು.

ಮೇಷ್ಟ್ರು ಪಾಠ ಹೇಳಿದ ಹತ್ತು ದಿನವೂ ನನ್ನ ಕುತ್ತಿಗೆಯಲ್ಲಿ ಟೇಪು ಇತ್ತು. ದರ್ಜಿಯ ಕುತ್ತಿಗೆಯಲ್ಲಿ ಟೇಪು ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಯಿಯ ಕಣ್ಣಿಗೆ ಬಿದ್ದಿತ್ತು. ಅದು ಕಲಿತದ್ದು ನನ್ನ ಮಾತನ್ನಲ್ಲ, ಟೇಪು ಹಾಕಿಕೊಂಡವರ ಮಾತನ್ನು.

ಅಕ್ಕನಿಗೆ ಹೇಳಿದ್ದರೆ ಅವತ್ತೇ ಜಗಳ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ನನ್ನೊಬ್ಬಳ ಮಾತು ಮಾತ್ರ ಕೇಳುವ ಒಂದು ಜೀವ ಮನೆಯಲ್ಲಿದ್ದರೆ ನಾನು ಸಾಯುವ ಹಾಗಿಲ್ಲವಲ್ಲ! ಹುಚ್ಚು ಎಂದು ಈಗ ಅನ್ನಿಸುತ್ತದೆ. ಆಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಟೇಪನ್ನು ಇನ್ಯಾರಾದರೂ ಹಾಕಿಕೊಂಡರೆ ನನ್ನ ಜಾಗ ಖಾಲಿ ಎಂದು ಹೆದರಿಕೆ.

ಆದರೆ ಆ ಬೆಳಗುಗಳು ಎಷ್ಟು ಚೆನ್ನಾಗಿದ್ದವು! ಕೂದಲು ಉದುರಿದ ಬೋಳು ತಲೆ, ಕುತ್ತಿಗೆಯಲ್ಲಿ ಹಳದಿ ಟೇಪು, ಎಡಗಡೆ ಬಾಬಿನ್. ಮನೆಯಿಂದ ಮೂಲೆಯ ಬೇಕರಿಗೆ ಮೊದಲು ಏಳು ನಿಮಿಷ ಹಿಡಿಯುತ್ತಿತ್ತು, ಮೂರನೇ ಕೀಮೋ ಆದಮೇಲೆ ಇಪ್ಪತ್ತು. ನಾನು ನಿಂತರೆ ಅದೂ ನಿಲ್ಲುವುದು. ಒಮ್ಮೆಯೂ ಬೆಲ್ಟು ಜಗ್ಗಲಿಲ್ಲ. ಬೇಕರಿಯವನು ಬ್ರೆಡ್ಡಿನ ತುದಿ ಎಸೆಯುತ್ತ, "ಏನಮ್ಮಾ, ರಸ್ತೆಗೂ ಅಂಗಿ ಹೊಲಿತೀರಾ?" ಎನ್ನುತ್ತಿದ್ದ. "ನಿನ್ ಹೊಟ್ಟೆ ಅಳತೆಗೆ ಬಂದೆ, ಟೇಪು ಸಾಲ್ತಿಲ್ಲ," ಎನ್ನುತ್ತಿದ್ದೆ. ಕಾಯಿಲೆಯ ದಿನಗಳು ಎಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಬಿಸಿ ಬ್ರೆಡ್ಡಿನ ವಾಸನೆ.

ಐದನೇ ಕೀಮೋ ನನ್ನನ್ನು ಮಲಗಿಸಿತು. ಎರಡು ದಿನ ತಲೆ ಎತ್ತಲಾಗಲಿಲ್ಲ. ಅಕ್ಕ ಬೆಲ್ಟು ಹಿಡಿದು, "ನಡೀರಿ" ಎಂದು ಹೇಳಿ ಹೇಳಿ ಸೋತಳು. ಎಳೆದಳು. ಬೇಡಿಕೊಂಡಳು. ಮನೆಯೊಳಗೆ ಗಲೀಜು ಮಾಡಬಾರದೆಂದು ಕಲಿತ ನಾಯಿ. ಒಂದು ಹಗಲು, ಒಂದು ರಾತ್ರಿ ತಡೆದುಕೊಂಡು, ಬೆಳಿಗ್ಗೆ ನನ್ನ ಮಂಚದ ಪಕ್ಕದಲ್ಲೇ ಉಚ್ಚೆ ಹೊಯ್ದುಬಿಟ್ಟಿತು. ಆಮೇಲೆ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತಿತು.

ಅಕ್ಕ ಬೈಯಲಿಲ್ಲ. ನೆಲ ಒರೆಸುತ್ತ ಅಲ್ಲೇ ಕುಸಿದು ಕೂತು ಅತ್ತಳು. "ನಿನ್ನನ್ನೂ ನೋಡ್ಕೊಳಕ್ಕಾಗ್ತಿಲ್ಲ, ಇದನ್ನೂ ನೋಡ್ಕೊಳಕ್ಕಾಗ್ತಿಲ್ಲ. ನೀನೇ ಇಲ್ಲ ಅಂದ್ರೆ ನಾನು ಏನ್ ಮಾಡ್ಲೇ?"

ಐವತ್ತು ವರ್ಷದಲ್ಲಿ ಅವಳು ನನ್ನೆದುರು ಅತ್ತದ್ದು ನೋಡಿರಲಿಲ್ಲ. ಜಾಗ ಕಾಯುತ್ತ ಮಲಗಿದ್ದ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅಕ್ಕಾ, ಬಗ್ಗು," ಎಂದೆ. ದಿಂಬಿನ ಕೆಳಗಿದ್ದ ಟೇಪು ತೆಗೆದು ಅವಳ ಕುತ್ತಿಗೆಗೆ ಹಾಕಿದೆ. "ಈಗ ಕರಿ."

"ನಡೀರಿ," ಎಂದಳು, ಮೂಗು ಒರೆಸಿಕೊಳ್ಳುತ್ತ.

ಬಾಬಿನ್ ತಿರುಗಿ ನೋಡಿತು. ಬಂದು ಅವಳ ಎಡಕ್ಕೆ ನಿಂತಿತು.

ಮಂಚದ ಪಕ್ಕದ ಕಿಟಕಿಯಿಂದ ನೋಡಿದೆ. ಅಕ್ಕ ಅಂಗಾಲಿಗೆ ಮುಳ್ಳು ಚುಚ್ಚೀತೆಂಬಂತೆ ಹೆಜ್ಜೆ ಇಡುತ್ತಿದ್ದಳು, ಪಕ್ಕದಲ್ಲಿ ನನ್ನ ನಾಯಿ, ಬೆಲ್ಟು ಸಡಿಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಸಮಾಧಾನವೂ ಆಯಿತು. ಎರಡೂ ಸೇರಿ ಅಳು ಬಂತು.

ಕಾಲು ಗಂಟೆಯ ಮೇಲೆ ಬಂದಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಲಿಲ್ಲ, ಗೊತ್ತಾಗಿರಬೇಕು. ಟೇಪು ತೆಗೆದು ನನ್ನ ಕುತ್ತಿಗೆಗೆ ಹಾಕಿದಳು. "ತಗೋ ನಿಂದು. ಏಳಕ್ಕಾದ ದಿನ ನೀನೇ ಕರ್ಕೊಂಡು ಹೋಗು. ನಂಗೆ ಕುತ್ತಿಗೆ ತುರಿಸುತ್ತೆ."

ನಾಲ್ಕನೇ ದಿನ ಎದ್ದೆ. ಬೇಕರಿಯವರೆಗೆ ಆಗಲಿಲ್ಲ, ಗೇಟಿನವರೆಗೆ ಆಯಿತು. ಕೀಮೋ ಮುಗಿಯಿತು, ಕೂದಲು ಬಂತು, ವರ್ಷಗಳು ಬಂದವು. ಅಕ್ಕ ವಾಪಸ್ ಹೋಗಲಿಲ್ಲ. ಬೆಳಿಗ್ಗೆ ನಾನು, ಸಂಜೆ ಅವಳು. ಟೇಪು ಒಬ್ಬರ ಕುತ್ತಿಗೆಯಿಂದ ಇನ್ನೊಬ್ಬರ ಕುತ್ತಿಗೆಗೆ.

ಕಳೆದ ವರ್ಷ ಬಾಬಿನ್ ಹೋಯಿತು, ಮಿಷನ್ನಿನ ಕೆಳಗೆ, ನಿದ್ದೆಯಲ್ಲೇ. ಮರುದಿನ ಬೆಳಿಗ್ಗೆ ನಾನು ಏಳಲೇ ಇಲ್ಲ. ಯಾರಿಗಾಗಿ ಏಳಬೇಕು? ಗೇಟಿನ ಸದ್ದಾಯಿತು. ಕಿಟಕಿಯಿಂದ ಇಣುಕಿದರೆ, ಅಕ್ಕ ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದಳು, ಕುತ್ತಿಗೆಯಲ್ಲಿ ಹಳದಿ ಟೇಪು. ನಾನಿರುವ ಕಡೆ ನೋಡುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು.

ನಾನು ಹೋಗಿ ಅವಳ ಎಡಕ್ಕೆ ನಿಂತೆ.

"ನಡೀರಿ," ಎಂದಳು.